ಕಣ್ಣಿನ ಸುತ್ತ ಸೂಜಿಯ ಗಾಲಿ

ನಮ್ಮ ಅತ್ತೆಯ ಕಣ್ಣಿಗೆ ಪೊರೆ ಬಂದಿದ್ದ ವರ್ಷಗಳು ನನ್ನ ಸಂಸಾರದ ಸುವರ್ಣಕಾಲವಾಗಿದ್ದವು. ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದು, ಆದರೂ ಹೇಳುತ್ತೇನೆ. ಮುಂಡರಗಿಯಿಂದ ಸೊಸೆಯಾಗಿ ನಾನು ಲಕ್ಷ್ಮೇಶ್ವರದ ಈ ಮನೆಗೆ ಬಂದಾಗ ಅವರದು ಹದ್ದಿನ ಕಣ್ಣು. ಅಕ್ಕಿಯಲ್ಲಿ ಉಳಿದ ಹರಳು, ಹಿತ್ತಾಳೆ ಚರಿಗೆಯ ಕತ್ತಿನಲ್ಲಿ ಉಳಿದ ಹುಣಸೆಹಣ್ಣಿನ ಕಲೆ, ನನ್ನ ಮುಖದ ಮೇಲೆ ಸುಳಿದು ಹೋದ ಸಿಟ್ಟು, ಯಾವುದೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪೊರೆ ಬೆಳೆದಂತೆಲ್ಲ ನನ್ನ ಸ್ವಾತಂತ್ರ್ಯವೂ ಬೆಳೆಯಿತು. ಮೂಲೆಯ ಜೇಡಗಳು ತಮ್ಮ ಪಾಡಿಗೆ ತಾವಿದ್ದವು, ನಾನು ನನ್ನ ಪಾಡಿಗಿದ್ದೆ. ಅತ್ತೆ ಪಡಸಾಲೆಯಲ್ಲಿ ಕುಳಿತು, ಓಡಾಡುವ ನೆರಳುಗಳನ್ನು ನೋಡಿ "ಯಾರದು?" ಎನ್ನುತ್ತಿದ್ದರು. "ನಾವ್ರಿ" ಎಂದರೆ ಅವರಿಗೆ ಅಷ್ಟೇ ಸಾಕಾಗುತ್ತಿತ್ತು.

ಕೊನೆಗೆ ಗದಗಿನ ಒಂದು ಕಣ್ಣಿನ ದವಾಖಾನೆಯಲ್ಲಿ ಆಪರೇಷನ್ ಮಾಡಿಸುವುದೆಂದು ನನ್ನ ಗಂಡ ಗೊತ್ತುಮಾಡಿದರು. ಮೊದಲು ಹೆಚ್ಚು ಕೆಟ್ಟಿದ್ದ ಬಲಗಣ್ಣು. ಎಡಗಣ್ಣು ಬರುವ ತಿಂಗಳು. ಅದನ್ನು ತಡ ಮಾಡಿದರೆ ಪೊರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಕಣ್ಣನ್ನೇ ಕಳೆದುಕೊಳ್ಳಬೇಕಾದೀತು ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು.

ಬಲಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಕಾರಿನಲ್ಲಿ ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಬೋರ್ಡು ಓದಿದರು. ಗೊಬ್ಬರದ ಅಂಗಡಿ, ಖಾನಾವಳಿ, ಗೋಡೆಗೆ ಹಚ್ಚಿದ ಸಿಮೆಂಟಿನ ಜಾಹೀರಾತು, ಒಂದನ್ನೂ ಬಿಡಲಿಲ್ಲ. ಹೊಲದ ಕಡೆ ಕೈ ಮಾಡಿ, "ಅದು ಹೆಸರಲ್ಲ, ಉದ್ದು" ಎಂದು ಡ್ರೈವರನನ್ನು ತಿದ್ದಿದರು. ನಾನು ಹಿಂದಿನ ಸೀಟಿನಲ್ಲಿ ಮನೆಯ ಮೂಲೆಗಳನ್ನು ನೆನೆಸಿಕೊಂಡು ಬೆವರುತ್ತಿದ್ದೆ.

ಹೊಸ್ತಿಲು ದಾಟಿದವರೇ ಜಂತಿಯ ಕಡೆ ನೋಡಿದರು. "ಆ ಮೂಲ್ಯಾಗ ಏನದು, ಹುತ್ತ ಬೆಳದೈತೇನು?" ಎಂದರು. ನಾನು ಉತ್ತರ ಹುಡುಕುತ್ತಿರುವಾಗಲೇ ನನ್ನ ಕಡೆ ತಿರುಗಿದರು.

"ಯವ್ವಾ, ಕಣ್ಣ ಕೆಳಗ ಮಸಿ ಹತ್ತೇತಿ ನೋಡ."

ಸೆರಗಿನ ತುದಿ ಹಿಡಿದು ಪ್ರೀತಿಯಿಂದಲೇ ಒರೆಸಿದರು. ಮತ್ತೆ ಒರೆಸಿದರು. ನಾಲಿಗೆಗೆ ಸೆರಗು ಮುಟ್ಟಿಸಿಕೊಂಡು ಇನ್ನೊಮ್ಮೆ ತಿಕ್ಕಿದರು. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಹೋಗೂವಂಥದ್ದಲ್ಲ ಇದು. ಯಾವಾಗ ಇಷ್ಟ ವಯಸ್ಸಾತವಾ ನಿನಗ?"

ಅಷ್ಟರಲ್ಲಿ ಮಾವ ಒಳಗಿನಿಂದ ಬಂದರು. ದವಾಖಾನೆಯ ವಾಸನೆ ಆಗದ ಮನುಷ್ಯ, ಅದಕ್ಕೇ ಗದಗಿಗೆ ಬಂದಿರಲಿಲ್ಲ. ಗೋಡೆಗೆ ಕೈ ಊರಿ ನಿಂತು, "ಕಾಣತೈತೇನ?" ಎಂದು ಕೇಳಿದರು. ಅತ್ತೆ ಅವರನ್ನು ನೋಡಿದರು. ಮುಖ ತಿರುಗಿಸಿ ಸೀದಾ ಅಡುಗೆಮನೆಗೆ ಹೋದರು. ನಾನು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ, ನನಗೆ ನನ್ನ ಮಸಿಯದೇ ಚಿಂತೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಕಣ್ಣ ಕೆಳಗಿನ ಕಪ್ಪಿಗೆ ಮಾತ್ರ ಬೇಕೇ ಬೇಕು. ಅಂದು ಮಧ್ಯಾಹ್ನ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಕಪ್ಪು ಇತ್ತು. ಕಪ್ಪಿನ ಮೇಲೆ ಗೆರೆಗಳೂ ಇದ್ದವು. ಇಷ್ಟು ವರ್ಷ ಅವನ್ನು ನಾನೂ ನೋಡಿರಲಿಲ್ಲ ಎಂದರೆ ಪೊರೆ ಬರೀ ಅತ್ತೆಗೆ ಬಂದಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಮೊದಲೆಲ್ಲ ನಾನು ಪಾತ್ರೆ ತಿಕ್ಕುತ್ತಿದ್ದೆ, ಈಗ ಮೊಬೈಲು ತಿಕ್ಕುತ್ತೇನೆ. ಅದರಲ್ಲಿ ಒಬ್ಬ ಹುಡುಗಿ ನಗುನಗುತ್ತ ಕೆನ್ನೆಯ ಮೇಲೆ ಒಂದು ಪುಟ್ಟ ಗಾಲಿ ಉರುಳಿಸುತ್ತಿದ್ದಳು. ಗಾಲಿಯ ತುಂಬ ಸೂಜಿಗಳು. ಡರ್ಮಾ ರೋಲರ್ ಅಂತೆ, ಮಾಡುವ ಕೆಲಸಕ್ಕೆ ಮೈಕ್ರೋನೀಡ್ಲಿಂಗ್ ಅಂತೆ. ಸೂಜಿ ಚುಚ್ಚಿದ ಕಡೆ ಚರ್ಮ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದಂತೆ. ಆ ಹುಡುಗಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ, ಅವಳ ಮುಖದಲ್ಲಿ ಹೊಸದಾಗಲು ಏನೂ ಬಾಕಿ ಇರಲಿಲ್ಲ. ಆದರೂ ತರಿಸಿದೆ.

ಪಾರ್ಸೆಲ್ಲು ನಮ್ಮ ಜವಳಿ ಅಂಗಡಿಗೆ ಬಂತು. ಮಾವನೇ ಅದನ್ನು ಮನೆಗೆ ತಂದರು.

"ನಿನ್ನ ಹೆಸರಲೆ ಏನೋ ಬಂದೈತವಾ. ಏನಿದು?"

"ಕಣ್ಣಿನ ಸುತ್ತಲಿನ ವಯಸ್ಸ ತಗ್ಯೂದ್ರಿ, ಮಾವಾರ."

"ಹೌದಾ?" ಎಂದು ಮಾವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

ಆ ಶನಿವಾರ ಮಗಳು ಬಂದಳು. ಗದಗಿನಲ್ಲಿ ಫಾರ್ಮಸಿ ಓದುತ್ತಾಳೆ. ಓದಲು ಶುರು ಮಾಡಿದಾಗಿನಿಂದ ನಮ್ಮ ಮನೆಯ ಗುಳಿಗೆಗಳಿಗೆಲ್ಲ ಅವಳೇ ಪೊಲೀಸು. ನಾನು ಕನ್ನಡಿಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ಗಾಲಿಯನ್ನು ರೆಪ್ಪೆಯ ಹತ್ತಿರ ತಂದಿದ್ದೆ, ಹಿಂದಿನಿಂದ ಬಂದು ಕೈ ಹಿಡಿದಳು.

"ಅವ್ವಾ, ರೆಪ್ಪಿ ಮ್ಯಾಲ ಇಟ್ಟಿ ಅಂದ್ರ ನೋಡ ಮತ್ತ. ಕಣ್ಣ ಕಳಕೊಳ್ಳಾಕ ಹೊಂಟೀಯೇನ?"

"ಮತ್ತ ಕಣ್ಣಿನ ಸುತ್ತಲಂತ ಬರದಾರಲ್ಲ."

"ಸುತ್ತಲ ಅಂದ್ರ ಸುತ್ತಲ. ಬೆರಳ ಹಚ್ಚಿ ನೋಡ, ಕಣ್ಣಿನ ಗುಣಿ ಸುತ್ತ ಎಲುಬ ಹತ್ತತೈತಿಲ್ಲ? ಆ ಎಲುಬಿನ ಮ್ಯಾಲ ಅಷ್ಟ. ಒಳಗ ಬರಂಗಿಲ್ಲ."

ಆಮೇಲೆ ಡಬ್ಬಿ ಓದಿದಳು. ಸೂಜಿಯ ಉದ್ದ ಕಾಲು ಮಿಲಿಮೀಟರು ಎಂದು ನೋಡಿ ಸ್ವಲ್ಪ ಸಮಾಧಾನವಾಯಿತು ಅವಳಿಗೆ. ಅದಕ್ಕಿಂತ ಉದ್ದದ್ದನ್ನು ಮನೆಯಲ್ಲಿ ಮುಟ್ಟಲೇಬಾರದು, ಅದು ಡಾಕ್ಟರ ಕೈಯ ಕೆಲಸ ಎಂದಳು. ಉದ್ದ ಸೂಜಿಯದು ತರಿಸಿದ್ದರೆ ವಯಸ್ಸು ಬೇಗ ಹೋಗುತ್ತಿತ್ತೇನೋ ಎಂದು ನಾನು ಕೊರಗುತ್ತಿದ್ದೆ, ಆ ಮಾತನ್ನು ನುಂಗಿಕೊಂಡೆ. ಗಾಲಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಬೇಕು, ಕೈ ಮುಖ ತೊಳೆದಿರಬೇಕು, ಒತ್ತಬಾರದು, ಎಳೆದಾಡಬಾರದು, ಹಗುರವಾಗಿ ಉರುಳಿಸಿ ಎತ್ತಬೇಕು. ಗುಳ್ಳೆಯೋ ತುರಿಕೆಯೋ ಇದ್ದರೆ ಆ ಕಡೆ ಹೋಗಲೇಬಾರದು. ದಿನಾ ಮಾಡುವಂತಿಲ್ಲ, ಚರ್ಮಕ್ಕೆ ವಾರಗಟ್ಟಲೆ ಬಿಡುವು ಕೊಡಬೇಕು. ಬಿಸಿಲಿಗೆ ಹೋಗಬಾರದು.

"ಆಮ್ಯಾಲ ಅದಕ್ಕ ಏನೂ ಹಚ್ಚಂಗಿಲ್ಲ. ಅರಿಷಿಣ ಇಲ್ಲ, ಲಿಂಬಿಹಣ್ಣ ಇಲ್ಲ, ಕಾಡಿಗಿ ಇಲ್ಲ."

"ಅರಿಷಿಣಾನೂ ಇಲ್ಲೇನ?" ಎಂದೆ. ಅರಿಷಿಣ ಹಚ್ಚದ ಗಾಯವನ್ನು ನಮ್ಮ ಮನೆಯಲ್ಲಿ ಗಾಯವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಏನೂ ಇಲ್ಲ. ಮತ್ತ ಒಬ್ಬರ ಗಾಲಿ ಇನ್ನೊಬ್ಬರು ಮುಟ್ಟಂಗಿಲ್ಲ. ರಕ್ತದ ಸಂಬಂಧ ಇರತೈತಿ ಇದರಾಗ. ಖರೇ ಹೇಳಬೇಕಂದ್ರ, ಚರ್ಮದ ಡಾಕ್ಟರ ಕಡೆ ಹೋಗೂದ ಚಲೋ. ಅದರಕಿಂತ ಚಲೋ ಅಂದ್ರ ಮೊಬೈಲ್ ಇಟ್ಟು ಜಲ್ದಿ ಮಲಗೂದು."

ಮಗಳಿಗೆ ಓದಿಸಿದರೆ ಇದೇ ಗತಿ.

ಭಾನುವಾರ ಹಿತ್ತಲ ಬಾಗಿಲ ಬೆಳಕಿನಲ್ಲಿ ಕುಳಿತು, ಮಗಳು ಕಾವಲು ನಿಂತಿರಲು, ಎಲುಬಿನ ಮೇಲೆ ಗಾಲಿ ಉರುಳಿಸಿದೆ. ಇರುವೆ ಸಾಲು ಹೋದಂತೆ ಚುರುಚುರು ಎಂದಿತು. ಮಗಳು ಸ್ಪಿರಿಟ್ಟಿನ ಬಾಟಲಿ ಇಡಲು ಒಳಗೆ ಹೋದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಹೊಸ ಕಣ್ಣಿಗೆ ಎಲ್ಲವೂ ಬೇಕು.

"ಅದೇನ ಮಾಡಾಕತ್ತೀ? ಮಾರಿ ಮ್ಯಾಲ ಕುಂಟಿ ಹೊಡ್ಯಾಕತ್ತೀಯೇನ?"

ಕುಂಟಿ ಎಂದರೆ ಕಸ ಕೀಳಲು ಹೊಲದಲ್ಲಿ ಎತ್ತು ಕಟ್ಟಿ ಎಳೆಯುವುದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟಿತ್ತು.

"ಹೌದ್ರಿ. ಬಿತ್ತಾಕ ಹದಾ ಮಾಡಾಕತ್ತೀನಿ."

"ಸೂಜಿ ಅದಾವಲ್ಲ. ಯಾಕವಾ ಹಿಂಗ?"

"ನೀವ ಒರಸಿದ್ರಿ, ಹೋಗಲಿಲ್ಲಲ್ರಿ. ಅದಕ."

ಅತ್ತೆಯ ಮುಖ ಸಣ್ಣದಾಯಿತು. ತಿರುಗಿ ಒಳಗೆ ಹೋದರು. ಗೆದ್ದೆ ಎಂದುಕೊಂಡೆ. ಆ ಗೆಲುವು ಊಟದ ಹೊತ್ತಿನವರೆಗೂ ಉಳಿಯಲಿಲ್ಲ. ರೊಟ್ಟಿ ಮುರಿಯುತ್ತ ಅತ್ತೆ ನನ್ನ ಗಂಡನಿಗೆ, "ಆ ಎಡಗಣ್ಣ ಇರ್ಲಿ ಬಿಡ. ನಾ ಆಪರೇಷನ್ ಮಾಡಸಂಗಿಲ್ಲ" ಎಂದರು.

"ಯಾಕವಾ? ಡಾಕ್ಟರ್ ಅಷ್ಟ ಹೇಳ್ಯಾರಲ್ಲ. ಆ ಕಣ್ಣ ಹೋಗತೈತಿ."

"ಹೋದ್ರ ಹೋಗಲಿ. ದೇವರು ಎರಡ ಕೊಟ್ಟಿದ್ದ ಅದಕ, ಒಂದ ಹೋದ್ರ ಇನ್ನೊಂದ ಇರ್ಲಿ ಅಂತ. ಕಂಡದ್ದ ಸಾಕಾಗೇತಿ."

ಎಲ್ಲರೂ ನನ್ನ ಕಡೆ ನೋಡಿದರು. ಕಣ್ಣ ಕೆಳಗೆ ಕೆಂಪು ಚುಕ್ಕೆಗಳ ಸಾಕ್ಷಿ ಬೇರೆ ಇತ್ತು. ಕೈ ತೊಳೆಯುವಾಗ ಗಂಡ, "ನೀ ಏನೋ ಅಂದಿ" ಎಂದರು. ಅಂದಿದ್ದೆ. ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಅತ್ತೆ ಕಣ್ಣು ಕಳೆದುಕೊಳ್ಳುತ್ತಾರಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು. ಮರುದಿನ ಹೋಗಿ, "ಅತ್ತೀ, ನಾ ಚ್ಯಾಷ್ಟಿಗೆ ಅಂದದ್ರಿ. ನನ್ನ ಮಾರಿ ಹೆಂಗಿದ್ರೂ ನಡೀತೈತಿ, ನೀವು ಕಣ್ಣ ಮಾಡಸ್ಕೋರಿ" ಎಂದು ಗೋಗರೆದೆ. "ನಿನ್ನ ಮಾರಿಗೇನಾಗೇತಿ" ಎಂದು ಅವರು ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಶಿರಹಟ್ಟಿಯಿಂದ ಅತ್ತೆಯ ತಂಗಿಯನ್ನು ಕರೆಸಿದೆವು. ಆಕೆಗೆ ಎರಡೂ ಕಣ್ಣಿನ ಆಪರೇಷನ್ ಆಗಿತ್ತು.

"ಅಕ್ಕಾ, ಎರಡೂ ಮಾಡ್ಸಿದ ಮ್ಯಾಲ ನಾ ಟೀವಿಯೊಳಗ ಕೆಳಗ ಓಡತಾವಲ್ಲ ಸಣ್ಣ ಅಕ್ಷರ, ಅವನ್ನ ಸೈತ ಓದ್ತೀನಿ."

"ಓದಿ ಏನ ಮಾಡ್ತಿ?" ಎಂದರು ಅತ್ತೆ.

ಓದಿ ಆಕೆ ಏನೂ ಮಾಡುತ್ತಿರಲಿಲ್ಲ ಎಂದು ಕಾಣುತ್ತದೆ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದರು.

ಈ ರಾದ್ಧಾಂತದಲ್ಲಿ ನಾನು ಗಾಲಿಯನ್ನು ಮರೆತೇಬಿಟ್ಟಿದ್ದೆ. ಒಂದು ದಿನ ಬಚ್ಚಲುಮನೆಯ ಗೋಡೆಯ ಮಾಡದಿಂದ ತೆಗೆದು ನೋಡಿದರೆ ಸೂಜಿಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. ಮೂಸಿ ನೋಡಿದೆ, ವಿಭೂತಿ. ನನಗೇನೂ ಅನುಮಾನ ಬರಲಿಲ್ಲ. ನಮ್ಮ ಮನೆಗೆ ಹೊಸ ಸಾಮಾನು ಯಾವುದು ಬಂದರೂ ಮಾವ ಅದಕ್ಕೆ ವಿಭೂತಿ ಹಚ್ಚುತ್ತಾರೆ. ಮಿಕ್ಸರಿಗೆ ಹಚ್ಚಿದ್ದಾರೆ, ಸ್ಕೂಟರಿಗೆ ಹಚ್ಚಿದ್ದಾರೆ, ಮಗಳ ಲ್ಯಾಪ್‌ಟಾಪಿಗೂ ಮೂರು ಬೆರಳು ಎಳೆದಿದ್ದಾರೆ. ಗಾಲಿಯೂ ಕಬ್ಬಿಣದ ಸಾಮಾನೇ, ಅದಕ್ಕೂ ಹಚ್ಚಿದ್ದಾರೆ ಎಂದುಕೊಂಡೆ. ಮಾವನ ಭಕ್ತಿಯನ್ನು ಮೆಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು ಅಲ್ಲಿಯೇ ಇಟ್ಟೆ.

ಎರಡು ದಿನ ಬಿಟ್ಟು ಮಾವ ಬೆಳಗ್ಗೆ ಪೂಜೆ ಮುಗಿಸಿ, ಚಹಾ ಕೂಡ ಕುಡಿಯದೆ, ಅತ್ತೆಗೆ ದವಾಖಾನೆಯಲ್ಲಿ ಕೊಟ್ಟಿದ್ದ ಕರಿ ಕನ್ನಡಕ ಹಾಕಿಕೊಂಡು ಅಂಗಡಿಗೆ ಹೋದರು. ಕೆನ್ನೆಯ ಬದಿಯನ್ನೂ ಮುಚ್ಚುವಂಥ ದೊಡ್ಡ ಕನ್ನಡಕ ಅದು. ಅಲ್ಲಿ ನಡೆದದ್ದನ್ನು ಗಂಡ ಆಮೇಲೆ ಹೇಳಿದರು. ಅಡರಕಟ್ಟಿಯ ಹಳೆಯ ಗಿರಾಕಿಯೊಬ್ಬ, "ಏನ್ರಿ ಸಾವ್ಕಾರ್ರ, ಕಣ್ಣಿನ ಆಪರೇಷನ್ ಆತೇನ್ರಿ?" ಎಂದು ಕೇಳಿದನಂತೆ. ಮಾವ ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ. "ನಮ್ಮ ಮನ್ಯಾಗ ಆಗೇತಿ" ಎಂದರಂತೆ. ಸುಳ್ಳಲ್ಲ. ಆಮೇಲೆ ಅವನು ಹಸಿರು ಖಣ ಕೇಳಿದರೆ ನೇರಳೆಯದು ಕತ್ತರಿಸಿ ಕೊಟ್ಟರಂತೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ, "ನನ್ನ ಚಸ್ಮಾ ಯಾಕ ಹಾಕ್ಕೊಂಡೀರಿ, ತಗೀರಿ" ಎಂದರು. ಮಾವ ತೆಗೆಯಲಿಲ್ಲ. ಅತ್ತೆಯೇ ಎದ್ದು ಹೋಗಿ ತೆಗೆದರು. ಎರಡೂ ಕಣ್ಣು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿ ಮುಚ್ಚಿಕೊಂಡಿದ್ದವು. ರೆಪ್ಪೆಯ ಮೇಲೆಲ್ಲ ಕೆಂಪು ಗೀರು, ನೀರು ಸೋರುತ್ತಿತ್ತು.

ಅತ್ತೆ ಕನ್ನಡಕ ಹಿಡಿದುಕೊಂಡೇ ನಿಂತರು. "ಗಾಡಿ ತರಸ್ರಿ" ಎಂದರು. ತಟ್ಟೆಗೆ ಬಡಿಸಿದ ಅನ್ನ ಹಾಗೇ ಬಿಟ್ಟು ಗದಗಿಗೆ ಹೊರಟೆವು. ದಾರಿಯಲ್ಲಿ ಅತ್ತೆ ಒಂದು ಬೋರ್ಡನ್ನೂ ಓದಲಿಲ್ಲ.

ಫೋನು ಮಾಡಿದ್ದಕ್ಕೆ ಮಗಳು ಕಾಲೇಜಿನಿಂದ ಸೀದಾ ದವಾಖಾನೆಗೆ ಬಂದಿದ್ದಳು. ಡಾಕ್ಟರಮ್ಮ ಮಾವನ ರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದರು.

"ಅಜ್ಜಾರ, ಇದಕ್ಕ ಏನ ಹಚ್ಚೀರಿ?"

"ವಿಭೂತಿರಿ. ದಿನಾ ಹಚ್ಚತೀನಿ, ಹಣಿಗೆ, ರೆಪ್ಪಿಗೆ, ತೋಳಿಗೆ."

"ದಿನಾ ಹಚ್ಚೂ ವಿಭೂತಿಗೆ ಇವತ್ತ ಹಿಂಗ ಆಗೂದಿಲ್ಲ. ಅದರಕಿಂತ ಮೊದಲ ಏನ ಮಾಡಿದ್ರಿ?"

ಮಾವ ಮುಚ್ಚಿದ ಕಣ್ಣಿನಲ್ಲೇ ನಾನಿದ್ದ ಕಡೆ ಮುಖ ತಿರುಗಿಸಿದರು. "ಸೊಸಿ ಗಾಲಿರಿ" ಎಂದರು.

ಸೂಜಿ ಸಂದಿಯಲ್ಲಿದ್ದ ವಿಭೂತಿ ಎಲ್ಲಿಂದ ಬಂದಿತ್ತು ಎಂಬುದು ಆಗ ತಲೆಗೆ ಹೋಯಿತು. ಕೆಲವು ದಿನಗಳಿಂದ ಮಾವ ಸ್ನಾನ ಮಾಡಿದ ಕೂಡಲೇ ರೆಪ್ಪೆಯ ಮೇಲೆ ಗಾಲಿ ಎಳೆದುಕೊಂಡು, ಅದರ ಮೇಲೆ ಎಂದಿನಂತೆ ವಿಭೂತಿ ಧರಿಸಿ, ಮತ್ತೆ ಸ್ವಲ್ಪ ಗಾಲಿ ಎಳೆಯುತ್ತಿದ್ದರು. ಮಗಳು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಅಜ್ಜಾ, ನಾ ಅವ್ವಗ ಹೇಳಿದ್ದರಾಗ ಒಂದರ ಉಳಿಸೀಯೇನೋ, ಎಲ್ಲಾ ಉಲ್ಟಾ ಮಾಡೀಯಲ್ಲೋ" ಎಂದಳು.

ಡಾಕ್ಟರಮ್ಮ ಮಾವನ ಗದ್ದವನ್ನು ಮಷೀನಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಮನಸ್ಸಿನಲ್ಲೇ ಗೊತ್ತಿದ್ದ ದೇವರಿಗೆಲ್ಲ ಕಾಯಿ ಹೇಳಿಕೊಂಡೆ.

"ಕಣ್ಣಗುಡ್ಡಿಗೆ ಏನೂ ಆಗಿಲ್ಲ" ಎಂದರು ಡಾಕ್ಟರಮ್ಮ. "ಪುಣ್ಯಾ ನಿಮ್ಮದು. ರೆಪ್ಪಿ ಚರ್ಮ ಅಂದ್ರ ಉಳ್ಳಾಗಡ್ಡಿ ಒಳಗಿನ ತೆಳ್ಳನ ಪದರ ಇದ್ದಂಗ್ರಿ. ಅದರ ಮ್ಯಾಲ ಸೂಜಿ ಉರಳಿಸ್ತಾರೇನ್ರಿ? ಅಷ್ಟಕ್ಕೂ ಈ ವಯಸ್ಸಿನ್ಯಾಗ ಯಾಕ ಬೇಕಾಗಿತ್ರಿ ನಿಮಗ?"

ಮಾವ ಧೋತರದ ಚುಂಗನ್ನು ಬೆರಳಿಗೆ ಸುತ್ತಿಕೊಂಡರು.

"ಇಕಿಗೆ ಕಣ್ಣ ಕಾಣಾಕ ಹತ್ತಿದಾಗಿಂದ ನನ್ನ ಮಾರಿ ನೋಡವಲ್ಲಳ್ರಿ" ಎಂದರು. "ಕಾಣದಾಗ ನನ್ನ ಕಡೇನ ಮಾರಿ ಮಾಡಿ ಕುಂಡ್ರತಿದ್ಲು. ಈಗ ಕಾಣತೈತಿ, ಆ ಕಡೆ ತಿರಗತಾಳ. ಅಷ್ಟ ಕೆಟ್ಟ ಆಗೀನೇನೋ ಅನಸ್ತು. ಸೊಸಿ ಗಾಲಿ ವಯಸ್ಸ ತಗೀತೈತಂತ ಹೇಳಿದ್ಲು."

ಡಾಕ್ಟರಮ್ಮ ಚೀಟಿ ಬರೆಯುವುದನ್ನು ನಿಲ್ಲಿಸಿದರು. ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು, ಯಾವುದನ್ನು ತಡೆಯಬೇಕೋ ತಿಳಿಯಲಿಲ್ಲ. ಅತ್ತೆ ನನ್ನ ಕೈ ಬಿಟ್ಟರು.

"ಕೆಟ್ಟ ಕಂಡ್ರಿ ಅಂತಲ್ರಿ" ಎಂದರು ಗಂಡನಿಗೆ. "ನನ್ನ ಕಣ್ಣಾಗ ನೀವು ಇನ್ನ ಅಂಗಡಿ ಮೆಟ್ಟಲಾ ಎರಡೆರಡ ಹಾರಿ ಹತ್ತತಿದ್ರಿ. ಪಟ್ಟಿ ಬಿಚ್ಚಿ ಮನಿಗೆ ಬಂದ ನೋಡಿದ್ರ ಗ್ವಾಡಿ ಹಿಡಕೊಂಡ ನಿಂತೀರಿ. ಒಂದ ಕಣ್ಣಿಗೆ ಇಷ್ಟ ಕಂಡಿತು. ಎರಡೂ ಬಂದ್ರ, ನೀವು ನನ್ನ ಬಿಟ್ಟ ಹೋಗೂ ದಿನಾನೂ ಕಂಡೀತು ಅಂತ ಅಂಜಿಕಿ ಆತು."

ಇಷ್ಟು ದಿನ ಆಪರೇಷನ್ ನಿಂತದ್ದು ನನ್ನ ಕಣ್ಣ ಕೆಳಗಿನ ಕಪ್ಪಿನಿಂದ ಎಂದು ನಂಬಿ ನಾನು ಅನ್ನ ನೀರು ಬಿಟ್ಟಿದ್ದೆ. ನೋಡಿದರೆ ಆ ಕಪ್ಪನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಗುರವೂ ಆಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು.

ಮಗಳು ಮಾತ್ರ ಕರಗಲಿಲ್ಲ. ಒಂದೇ ಗಾಲಿ ಮಾವ ಸೊಸೆ ಇಬ್ಬರೂ ಬಳಸಿದ್ದಕ್ಕೆ ನಮ್ಮಿಬ್ಬರನ್ನೂ ರಕ್ತ ಪರೀಕ್ಷೆಗೆ ಕೂರಿಸಿದಳು. ಎರಡೂ ಸರಿ ಬಂದವು. ಮುಂದಿನ ಸಲ ಊರಿಗೆ ಬಂದಾಗ ಗಾಲಿಯನ್ನು ಡಬ್ಬಿ ಸಮೇತ ಒಯ್ದು ದವಾಖಾನೆಯಲ್ಲಿ ಸೂಜಿ ಎಸೆಯುವ ಪೆಟ್ಟಿಗೆಗೆ ಹಾಕಿದಳು. ನಾನು ಬೇಡ ಎನ್ನಲಿಲ್ಲ.

ಮಾವನ ಕಣ್ಣಿಗೆ ದಿನಾ ಹನಿ ಹಾಕಬೇಕಿತ್ತು, ರೆಪ್ಪೆಗೆ ಮುಲಾಮು. ಮೊದಲ ದಿನ ನಾನು ಬಾಟಲಿ ತೆಗೆದುಕೊಂಡೆ. ಅತ್ತೆ ಕೈಯಿಂದ ಕಸಿದುಕೊಂಡರು.

"ಕೊಡ ಇಲ್ಲೆ. ಇದು ನನ್ನ ಕೆಲಸ."

ಮಾವ ಆರಾಮ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕುಳಿತರು. ಅತ್ತೆ ಗುರಿ ಇಟ್ಟು ಹನಿ ಬಿಟ್ಟರು. ಅದು ಹಣೆಯ ಮೇಲೆ ಬಿತ್ತು. ಇನ್ನೊಂದು ಬಿಟ್ಟರು, ಮೀಸೆಯ ಮೇಲೆ ಬಿತ್ತು. ಒಂದು ಕಣ್ಣು ನಿಚ್ಚಳ, ಇನ್ನೊಂದು ಮಬ್ಬು, ಹೀಗಿರುವಾಗ ಹತ್ತಿರ ಯಾವುದು ದೂರ ಯಾವುದು ಅಂದಾಜು ಸಿಗುವುದಿಲ್ಲವಂತೆ. ಮೂರನೆಯದು ಮೂಗಿನೊಳಗೆ ಹೋಗಿ ಮಾವ ಸೀನಿದರು.

"ಕಣ್ಣಿಗೆ ಬರದ ಕೊಟ್ಟಾರ, ಮೂಗಿಗೆ ಯಾಕ ಹಾಕ್ತಿ?" ಎಂದರು ಮೆಲ್ಲಗೆ.

"ಸುಮ್ಮ ಕುಂಡ್ರಿ. ನೀವ ಅಳಗ್ಯಾಡಾಕತ್ತೀರಿ."

ಮಾವ ಕಲ್ಲಿನಂತೆ ಕುಳಿತಿದ್ದರು. "ಅತ್ತೀ, ನಾ ಹಾಕ್ತೀನಿ ಕೊಡ್ರಿ" ಎಂದರೆ ಕೇಳಲಿಲ್ಲ. ಮರುದಿನವೂ ಅದೇ ಕಥೆ. ಬಾಟಲಿಯ ಅರ್ಧ ಔಷಧಿ ಮಾವನ ಮುಖಕ್ಕೆಲ್ಲ ಆಯಿತು. ಅತ್ತೆ ಬಿರಡೆ ಹಾಕಿ, ಬಾಟಲಿಯನ್ನು ಮಾಡದಲ್ಲಿಟ್ಟು, ಪಡಸಾಲೆಯಲ್ಲಿದ್ದ ನನ್ನ ಗಂಡನನ್ನು ಕರೆದರು.

"ಗದಗಿಗೆ ಫೋನ್ ಹಚ್ಚ. ಆ ಕಣ್ಣೂ ಮಾಡ್ಸಿಬಿಡೂಣು."

"ಮತ್ತ ಅಂಜಿಕಿ ಅಂದ್ಯಲ್ಲವಾ?"

"ಅಂಜಿಕಿ ಐತಿ. ಆದ್ರ ಹನಿ ತಪ್ಪಾಕತ್ತೇತಿ."

ಅವರ ಎಡಗಣ್ಣಿನ ದಿನ ಬರುವ ಹೊತ್ತಿಗೆ ಮಾವನ ರೆಪ್ಪೆ ಪೂರ್ತಿ ಇಳಿದಿತ್ತು, ಹನಿಯ ಅಗತ್ಯವೂ ತೀರಿತ್ತು. ಅದನ್ನು ಯಾರೂ ಅತ್ತೆಗೆ ನೆನಪಿಸಲು ಹೋಗಲಿಲ್ಲ. 

ಪಟ್ಟಿ ಬಿಚ್ಚುವ ದಿನ ದವಾಖಾನೆಯ ವಾಸನೆ ಆಗದ ಮಾವನೂ ಬಂದರು. ಬಂದವರು ಬಾಗಿಲ ಬಳಿಯ ಕತ್ತಲಲ್ಲಿ, ನನ್ನ ಗಂಡನ ಬೆನ್ನ ಹಿಂದೆ ನಿಂತರು. ಡಾಕ್ಟರಮ್ಮ ಪಟ್ಟಿ ತೆಗೆದು, ಕಣ್ಣು ಒರೆಸಿ, ಬೆರಳು ಎತ್ತಿ, "ಅಮ್ಮಾರ, ಎಷ್ಟ ಅದಾವ ಹೇಳ್ರಿ" ಎಂದರು.

ಅತ್ತೆ ಬೆರಳು ನೋಡಲಿಲ್ಲ. ಡಾಕ್ಟರಮ್ಮನ ಭುಜದ ಆಚೆ ಏನನ್ನೋ ಹುಡುಕುತ್ತಿದ್ದರು.

"ಎಲ್ಲೆ ಅದಾರ ಇವರು? ಈ ಕಡೆ ಬರ್ರಿ. ಬೆಳಕಿನ್ಯಾಗ ನಿಂದರ್ರಿ."

ಮಾವ ತಪ್ಪು ಮಾಡಿದವರಂತೆ ಮುಂದೆ ಬಂದು ಕಿಟಕಿಯ ಎದುರು ನಿಂತರು. ಅತ್ತೆ ಎರಡೂ ಕಣ್ಣು ಬಿಟ್ಟು ನೋಡಿದರು. ಹಣೆ, ಕೆನ್ನೆ, ಕತ್ತಿನ ಜೋಲು, ಒಂದನ್ನೂ ಬಿಡದೆ, ನಿಧಾನವಾಗಿ ನೋಡಿದರು. ಈ ಸಲ ಮುಖ ತಿರುಗಿಸಲಿಲ್ಲ.

"ಮುದುಕ ಆಗೀರಿ" ಎಂದರು. "ಆಗ್ರಿ, ಅದಕ್ಕೇನು. ನಾ ನೋಡಕೋತ ಇರ್ತೀನಿ."

ಡಾಕ್ಟರಮ್ಮ ಎತ್ತಿದ್ದ ಬೆರಳುಗಳನ್ನು ಇಳಿಸಿದರು.